ಸಪ್ಪೆ ಹೊನ್ನಿಯ ಎರಡು ಚೀಲ

ಶೆಟಗೇರಿಯ ಹೊನ್ನಿ ತನ್ನ ಜೀವಮಾನದಲ್ಲಿ ಹೊತ್ತಷ್ಟು ಉಪ್ಪನ್ನು ಕಾರವಾರದ ಕೋಡಿಬಾಗದವರೆಲ್ಲ ಸೇರಿದರೂ ತಿಂದು ಮುಗಿಸಲಿಕ್ಕಿಲ್ಲ. ನಗುವವರು ನಗಲಿ. ಹದಿಮೂರನೆಯ ವಯಸ್ಸಿಗೆ ಹೊರೆ ಹೊರಲು ತಲೆಯ ಮೇಲೆ ಸಿಂಬಿ ಇಟ್ಟವಳು ಐವತ್ತನಾಲ್ಕಕ್ಕೆ ಇಳಿಸಿದಳು. ಅದೂ ತಾನಾಗಿ ಇಳಿಸಿದ್ದಲ್ಲ. ಹೊಳೆಬಾಯಿಯ ಹತ್ತಿರದ ಉಪ್ಪಿನ ಆಗರದಲ್ಲಿ ಅರ್ಧವನ್ನು ಮಾಲೀಕರು ಸಿಗಡಿ ಸಾಕುವವರಿಗೆ ಕೊಟ್ಟರು, ಉಳಿದರ್ಧಕ್ಕೆ ಇಷ್ಟು ಜನ ಯಾಕೆ ಎಂದು ಹೆಂಗಸರನ್ನು ಮನೆಗೆ ಕಳಿಸಿದರು. ಆಗ ಹೊನ್ನಿ ಮಗಳು ರೂಪಾಳ ಬಾಡಿಗೆ ಮನೆಗೆ ಬಂದು ಕೋಡಿಬಾಗದಲ್ಲಿ ಉಳಿದಳು. ಎರಡು ತಿಂಗಳು ಸುಮ್ಮನೆ ಕೂತು ನೋಡಿದಳು, ಕೈಕಾಲು ಜೋಮು ಹಿಡಿದಂತಾಯಿತು. ಮೂರನೆಯ ತಿಂಗಳಿಗೆ ವಕೀಲ ಹೇರಂಬ ಹೆಗಡೆಯವರ ಮನೆಯ ಅಂಗಳ ಗುಡಿಸುವ ಕೆಲಸ ಹಿಡಿದಳು. ಅದಕ್ಕೀಗ ನಾಲ್ಕು ವರ್ಷ.

ಕೊರಳು ತುಂಬ ಮಣಿಸರ, ಮೊಣಕಾಲ ಕೆಳಗೆ ನಿಲ್ಲುವ ಸೀರೆ, ಬಾಯಿ ತೆಗೆದರೆ ಅರ್ಧ ಕೇರಿಗೆ ಕೇಳುವ ದನಿ. ಹೆಗಡೆಯವರ ಹೆಂಡತಿ ನಾಗರತ್ನಾ ಮೊದಮೊದಲು, "ಹೊನ್ನೀ, ಸಣ್ಣ ಮಾತಾಡೇ ಮಾರಾಯ್ತಿ, ಇವರ ಕಕ್ಷಿದಾರರು ಹೊರಗೆ ಕೂತಿದ್ದಾರೆ" ಎನ್ನುತ್ತಿದ್ದರು. ಬಯಲಿನಲ್ಲಿ, ಗಾಳಿಗೆ ಎದುರಾಗಿ ಮಾತಾಡಿ ಬೆಳೆದ ದನಿ ಅದು. ಮನೆಯೊಳಗೆ ಹೊಂದುವಂತೆ ಅದನ್ನು ಮಡಚಿಡಲು ಆಗಲೇ ಇಲ್ಲ.

ಆದರೆ ಒಂದೇ ಒಂದು ಹೆಸರು ಕಿವಿಗೆ ಬಿದ್ದರೆ ಈ ಗಟ್ಟಿ ಬಾಯಿ ಮುಚ್ಚಿಹೋಗುತ್ತಿತ್ತು. ಊರಿನ ಕಡೆಯವರು ಯಾರಾದರೂ ಸಂತೆಯಲ್ಲಿ ಎದುರಾಗಿ, "ಏ ಸಪ್ಪೆ ಹೊನ್ನೀ, ಆರಾಮನೇ?" ಎಂದರೆ ಸಾಕು. ಅವರು ಕೇಡಿಗೆ ಕರೆಯುತ್ತಿದ್ದದ್ದೇನಲ್ಲ. ಮೂವತ್ತಾರು ವರ್ಷದಿಂದ ಕರೆದು ಕರೆದು ರೂಢಿಯಾಗಿತ್ತು. ಆ ಹೆಸರು ಬಿದ್ದ ದಿನವನ್ನು ಎಲ್ಲರೂ ಮರೆತಿದ್ದರು, ಹೊನ್ನಿ ಮಾತ್ರ ಮರೆತಿರಲಿಲ್ಲ.

ಆಗ ಅವಳಿಗೆ ಇಪ್ಪತ್ತೆರಡು. ಯುಗಾದಿಯ ಮುಂಚೆ ಒಂದು ರಾತ್ರಿ ಹೊತ್ತಲ್ಲದ ಹೊತ್ತಿನಲ್ಲಿ ಘಟ್ಟದ ಮೇಲೆ ಮಳೆ ಬಿತ್ತು. ಬೆಳಿಗ್ಗೆ ಹೊಳೆಯಲ್ಲಿ ಸಮುದ್ರದ ಭರತದ ನೀರು ಏರುತ್ತಿತ್ತು. ಆಗರದ ಮುಕಾದಮ ಬಂದು, ಕಾಲುವೆಗೆ ಅಡ್ಡ ಹಾಕಿದ ಹಲಗೆಯನ್ನು ಎತ್ತಿ ಪಾತಿಗಳಿಗೆ ನೀರು ಬಿಡು ಎಂದ. ಹೊನ್ನಿ ಬೊಗಸೆಯಲ್ಲಿ ನೀರೆತ್ತಿ ನಾಲಿಗೆಗೆ ತಾಗಿಸಿದಳು. ಸಪ್ಪೆ! ಮೇಲಿಂದ ಬಂದ ಮಳೆನೀರು ಇನ್ನೂ ಹೊಳೆಯಲ್ಲೇ ಇತ್ತು. "ನೀರು ಸಪ್ಪೆ ಅದೆ, ನಾಳಿಗೆ ಬಿಡ್ವಾ" ಎಂದಳು. "ನಿನ್ನ ನಾಲಿಗೆ ಗಂಜಿ ಕುಡೀಲಿಕ್ಕೆ ಇಟ್ಕೊ, ಹಲಗೆ ತೆಗಿ" ಎಂದ ಮುಕಾದಮ. ತೆಗೆದಳು. ಮಧ್ಯಾಹ್ನದೊಳಗೆ, ಬಾಚಿ ಒಟ್ಟಲು ತಯಾರಾಗಿ ಕೂತಿದ್ದ ಹನ್ನೆರಡು ಪಾತಿಯ ಉಪ್ಪು ಕರಗಿ ನೀರಾಗಿತ್ತು. ಇಪ್ಪತ್ತು ಹೆಂಗಸರ ಹದಿನೈದು ದಿನದ ಬೆವರು ಅದು. ಮಾಲೀಕರು ಓಡಿ ಬಂದು "ಯಾರು ಬಿಟ್ಟದ್ದು ನೀರು?" ಎಂದು ಕೇಳಿದರು. ಮುಕಾದಮ ಬೆರಳು ತೋರಿಸಿದ. "ಹೊನ್ನಿ."

ಅದು ಸುಳ್ಳೂ ಅಲ್ಲವಲ್ಲ! ಹಲಗೆ ಎತ್ತಿದ ಕೈ ಅವಳದೇ. ಬೇರೇನು ಹೇಳಲೂ ನಾಲಿಗೆ ಏಳಲಿಲ್ಲ. ಆ ವರ್ಷ ಉಳಿದ ಹೆಂಗಸರು ಅವಳ ಜೊತೆ ಎಲೆಯಡಿಕೆ ಹಂಚಿಕೊಳ್ಳಲಿಲ್ಲ. ಮರುವರ್ಷ ಹಂಚಿಕೊಂಡರು, ಆದರೆ ಹೆಸರು ಅಂಟಿಯಾಗಿತ್ತು. ಗಂಡ ಸುಕ್ರ ಬದುಕಿದ್ದಷ್ಟು ದಿನ ಆ ಹೆಸರು ಎತ್ತಿದವರ ಮೇಲೆ ಏರಿ ಹೋಗುತ್ತಿದ್ದ. ಅವನು ಹೋದಮೇಲೆ ಅದಕ್ಕೂ ಜನ ಇಲ್ಲವಾಯಿತು. ಉಪ್ಪು ಕರಗಿದ ದಿನವೇ ಹೊನ್ನಿ ಮನಸ್ಸಿನಲ್ಲಿ ಒಂದು ಮಾತು ಗಟ್ಟಿ ಮಾಡಿಕೊಂಡಿದ್ದಳು: ಇನ್ನು ಯಾರೇ ಹೇಳಲಿ, ತಪ್ಪೆಂದು ಗೊತ್ತಿದ್ದದ್ದನ್ನು ಈ ಕೈ ಮಾಡುವುದಿಲ್ಲ. ಹಾಗೆ ನಿಶ್ಚಯಿಸಿದವಳಿಗೆ ಅದನ್ನು ತೋರಿಸುವ ಸಂದರ್ಭ ಬಂದದ್ದು ಮೂವತ್ತಾರು ವರ್ಷದ ಮೇಲೆ, ಅದೂ ಒಂದು ಈಜುಕೊಳದ ದಂಡೆಯಲ್ಲಿ.

ಹೆಗಡೆಯವರ ಮನೆಯ ಹಿಂದೆ, ಬಾವಿಗೂ ಕಂಪೌಂಡಿಗೂ ನಡುವೆ, ಎರಡು ವರ್ಷದ ಹಿಂದೆ ಕಟ್ಟಿಸಿದ ಪೂಲು ಅದು. ಹೊನ್ನಿ ಅದನ್ನು ಹೊಂಡ ಎನ್ನುತ್ತಿದ್ದಳು. "ಹೊಂಡ ಅಲ್ಲವೇ, ಪೂಲು" ಎಂದು ನಾಗರತ್ನಾ ತಿದ್ದುತ್ತಿದ್ದರು. "ಹೊಂಡ ತೋಡಿ ನೀಲಿ ಹಂಚು ಅಂಟಿಸಿದ್ರೆ ಹೊಂಡ ಅಲ್ದೆ ಹೋತದ್ರಾ?" ಎಂದು ಹೊನ್ನಿ ಕೇಳುತ್ತಿದ್ದಳು. ಎಲೆ ಬಾಚುವುದು, ದಂಡೆಯ ಚಿರೆಕಲ್ಲು ಉಜ್ಜುವುದು, ಉದ್ದ ಕೋಲಿನ ಬ್ರಷ್ಷಿನಿಂದ ತಳ ತಿಕ್ಕುವುದು ಎಲ್ಲಾ ಹೊನ್ನಿಯ ಪಾಲಿಗೆ ಬಂತು.

ನೀರು ಚೊಕ್ಕವಿರಲೆಂದು ಹಾಕುತ್ತಿದ್ದ ಪುಡಿಯಿಂದ ಹೆಗಡೆಯವರ ಮಗಳು ವಿಭಾಳ ಕಣ್ಣು ಕೆಂಪಾಗಿ ಊದಿಕೊಳ್ಳುತ್ತಿತ್ತು. ಒಂಬತ್ತು ವರ್ಷದ ಹುಡುಗಿ, ನೀರಿಗಿಳಿದರೆ ಮೇಲೆ ಬರುವವಳಲ್ಲ, ಬಂದಮೇಲೆ ಕಣ್ಣುಜ್ಜಿಕೊಂಡು ಅಳುವವಳು. ಅದಕ್ಕೇ ಪೂಲಿನ ಮೇಸ್ತ್ರಿ ಉಮೇಶನನ್ನು ಕರೆಸಿ, ಉಪ್ಪಿನಿಂದಲೇ ನೀರನ್ನು ಸ್ವಚ್ಛ ಮಾಡುವ ಮಿಷನ್ ಕೂರಿಸಿದರು. ಕೂರಿಸುವಾಗ ಉಮೇಶ ನಾಗರತ್ನಾಗೆ ವಿವರಿಸಿದ್ದನ್ನು ಹೊನ್ನಿ ಪೊರಕೆ ಹಿಡಿದುಕೊಂಡೇ ಕೇಳಿಸಿಕೊಂಡಿದ್ದಳು. "ಸಮುದ್ರದ ನೀರಿನ ಹಾಗೆ ಅಲ್ಲ ಮೇಡಂ. ಕಣ್ಣೀರಿಗಿಂತ ಸಪ್ಪೆ ಇರಬೇಕು. ನಾಲಿಗೆಗೆ ಉಪ್ಪು ಗೊತ್ತಾಯ್ತೋ ಇಲ್ವೋ ಅನ್ನುವಷ್ಟು. ಜಾಸ್ತಿ ಆದರೆ ಮಿಷನ್ ಬಂದ್ ಬೀಳ್ತದೆ, ಏಣಿ ತುಕ್ಕು ಹಿಡೀತದೆ, ಪೂಲು ಖಾಲಿ ಮಾಡದೆ ಬೇರೆ ದಾರಿ ಇಲ್ಲ. ಹಾಕಿದ ಉಪ್ಪನ್ನ ವಾಪಸ್ ತೆಗೆಯಲಿಕ್ಕೆ ಆಗೂದಿಲ್ಲ."

ಸಪ್ಪೆ ಎಂಬ ಮಾತು ಕೇಳಿ ಹೊನ್ನಿಯ ಪೊರಕೆ ನಿಂತಿತ್ತು. ಸಪ್ಪೆಯೇ ಬೇಕು ಎಂದು ಒಬ್ಬರು ಬಾಯಿಬಿಟ್ಟು ಹೇಳಿದ್ದನ್ನು ಅವಳು ಅಲ್ಲಿಯವರೆಗೆ ಕೇಳಿರಲಿಲ್ಲ.

ಉಮೇಶ ಮಿಷನ್ನಿನ ಪಕ್ಕದ ಗೋಡೆಗೆ ಒಂದು ಕಾರ್ಡು ನೇತುಹಾಕಿ ಹೋದ. ಅದರಲ್ಲಿ "ಉಪ್ಪು" ಎಂದು ದೊಡ್ಡದಾಗಿ ಅಚ್ಚಾಗಿತ್ತು, ಮುಂದೆ ಪೆನ್ನಿನಲ್ಲಿ "6 ಚೀಲ" ಎಂದು ಬರೆದಿದ್ದ. ಅದರ ಕೆಳಗೆ "ಹಾಕಿದವರ ಹೆಸರು" ಎಂದು ಒಂದು ಖಾಲಿ ಗೆರೆ. ಅಂಗಡಿಯ ಪುಡಿಯುಪ್ಪು ಬೇಡ, ಏನೂ ಬೆರೆಸದ ಹರಳುಪ್ಪು ಬೇಕು ಎಂದೂ ಹೇಳಿದ್ದ. ಹೇರಂಬ ಹೆಗಡೆಯವರು ಅಷ್ಟಕ್ಕೇ ಆಗರಕ್ಕೆ ಫೋನು ಹಚ್ಚಿದರು. "ಆರು ಚೀಲ ಉಪ್ಪು ಕಳಿಸಿ. ಬಿಳೀದು, ಮಣ್ಣಿಲ್ಲದ್ದು."

ಆಗರದವರು ಕಳಿಸಿದರು. ಒಳ್ಳೆಯದನ್ನೇ ಕಳಿಸಿದರು. ಆದರೆ ಆಗರದಲ್ಲಿ ಚೀಲ ಎಂದರೆ ಬರೀ ಗೋಣಿಯಲ್ಲ, ಅದೊಂದು ಅಳತೆ. ಎಪ್ಪತ್ತೈದು ಕಿಲೋ ಹಿಡಿದರೆ ಅದು ಆಗರದ ಚೀಲ. ಅಜ್ಜನ ಕಾಲಕ್ಕೂ ಹಾಗೇ, ಈಗಲೂ ಹಾಗೇ. ಇಬ್ಬರು ಎತ್ತಿ ಒಬ್ಬರ ತಲೆಗೆ ಇಡಬೇಕು. ಅಂಗಡಿಯಲ್ಲಿ ಸಿಗುವ ಚೀಲದ ಕತೆ ಬೇರೆ. ಅಲ್ಲಿ ಹತ್ತರದ್ದೂ ಚೀಲವೇ, ಇಪ್ಪತ್ತೈದರದ್ದೂ ಚೀಲವೇ. ಉಮೇಶ ಬರೆದದ್ದು ಯಾವ ಚೀಲವನ್ನು ಮನಸ್ಸಿನಲ್ಲಿಟ್ಟುಕೊಂಡು ಎಂದು ಯಾರೂ ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ಏಳಕ್ಕೆ ಟೆಂಪೋ ಬಂತು. ಚೀಲ ಇಳಿಯುವುದನ್ನು ನೋಡಿಯೇ ಹೊನ್ನಿಯ ಹುಬ್ಬು ಮೇಲೇರಿತು. ನಲವತ್ತು ವರ್ಷ ತಲೆಯ ಮೇಲೆ ಹೊತ್ತವಳಿಗೆ ಗುರುತು ಸಿಗದೆ ಇರುತ್ತದೆಯೇ! ಹತ್ತಿರ ಹೋಗಿ ಒಂದರ ಹೊಲಿಗೆ ಮುಟ್ಟಿದಳು.

"ಒಡೀರೇ, ಇದು ಆಗರದ ಚೀಲ" ಎಂದಳು.

"ಹೌದೇ, ಆಗರದ್ದೇ ಬೇಕು ಅಂತ್ಲೇ ತರಿಸಿದ್ದು" ಎಂದರು ಹೆಗಡೆಯವರು ಖುಷಿಯಿಂದ.

"ಹಂಗಲ್ರಾ. ಇದು ಆಗರದ ಚೀಲ! ಆರು ಹಾಕೂಕಾಗೂದಿಲ್ಲ."

"ಅದೇ ಮಾರಾಯ್ತಿ, ಅಪ್ಪಟ ಉಪ್ಪು. ನಾಳೆ ವಿಭಾನ ಹುಟ್ಟಿದ ದಿನ, ಹದಿನೈದು ಮಕ್ಕಳು ಈಜಲಿಕ್ಕೆ ಬರ್ತವೆ. ಇವತ್ತು ಆರೂ ಚೀಲ ಒಳಗೆ ಬೀಳಬೇಕು. ಬಾ, ಮೊದಲು ಇಲ್ಲಿ ಹೆಸರು ಬರಿ."

ಹೆಗಡೆಯವರು ಕೆಟ್ಟವರಲ್ಲ, ಅದನ್ನು ಹೇಳಿಬಿಡಬೇಕು. ಹೊನ್ನಿಯ ಕಾಲು ಬಾತಾಗ ತಾವೇ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದವರು. ಆದರೆ ವಕೀಲರು. ಬರೆದದ್ದನ್ನು ನಂಬುವವರು, ಯಾವ ಕೆಲಸಕ್ಕೂ ಒಂದು ಸಹಿ ಬೇಕು ಎನ್ನುವವರು. ಕಾರ್ಡನ್ನು ಗೋಡೆಯಿಂದ ತೆಗೆದು, ಪೆನ್ನಿನ ಜೊತೆ ಅವಳ ಮುಂದೆ ಹಿಡಿದರು.

ಹೊನ್ನಿಗೆ ಹೆಸರು ಬರೆಯಲು ಬರುತ್ತಿತ್ತು. ಹಿಂದೆ ಸಾಕ್ಷರತೆಯವರು ಊರಿಗೆ ಬಂದಿದ್ದಾಗ ಎರಡು ಹೆಸರು ಕಲಿತಿದ್ದಳು, ತನ್ನದು ಮತ್ತು ಸುಕ್ರನದು. ಆದರೂ ಪೆನ್ನು ಮುಟ್ಟಲಿಲ್ಲ.

"ಕೆಲಸ ಆಗ್ದೆ ಹೆಸರು ಎಂತಕ್ಕೆ ಬರೀಬೇಕು? ಮುಗೀಲಿ, ನೋಡ್ವಾ" ಎಂದಳು.

ಕೆಲಸ ಶುರುವಾಯಿತು. ಕಾರಿನ ಡ್ರೈವರ್ ರಾಜು ಮೊದಲ ಚೀಲವನ್ನು ಎಳೆದು ತಂದ. ಅವನು ಕಾರವಾರದ ಕೊಂಕಣಿ ಮನೆಯವನು, ಸೊಂಟನೋವಿನವನು, ಎಳೆಯುವಷ್ಟರಲ್ಲೇ "ಅರೇ ದೇವಾ" ಎಂದು ಮೂರು ಸಲ ಕೂಗಿದ. ಹೊನ್ನಿ ಹೊಲಿಗೆ ಬಿಚ್ಚಿ, ಬುಟ್ಟಿಗೆ ತುಂಬಿ, ದಂಡೆಯುದ್ದಕ್ಕೂ ನಡೆಯುತ್ತ ಬೀಜ ಬಿತ್ತಿದ ಹಾಗೆ ಉಪ್ಪು ಎರಚಿದಳು. ಒಂದೇ ಕಡೆ ಸುರಿಯಬಾರದು ಎಂದು ಯಾರೂ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ನೀಲಿ ನೀರಿನೊಳಗೆ ಹರಳು ಮಿಂಚುತ್ತ ಕೆಳಗಿಳಿದು ತಳದಲ್ಲಿ ಬೆಳ್ಳಗೆ ಕೂತಿತು. ಅದನ್ನು ನೋಡಿ ಹೊನ್ನಿಗೆ ಎದೆ ತುಂಬಿ ಬಂತು. ಎಷ್ಟು ವರ್ಷವಾಗಿತ್ತು ಕೈಗೆ ಉಪ್ಪು ತಾಗಿ! ಆದರೆ ಅಂದೆಲ್ಲ ನೀರಿನಿಂದ ಉಪ್ಪು ತೆಗೆದವಳು ಇಂದು ಉಪ್ಪನ್ನು ನೀರಿಗೆ ಹಾಕುತ್ತಿದ್ದೇನಲ್ಲ ಎಂದು ನಗುವೂ ಬಂತು.

"ಉಲ್ಟಾ ಕೆಲಸ ಮಾರಾಯಾ ಇದು" ಎಂದಳು ರಾಜುವಿಗೆ.

ಮೊದಲ ಚೀಲ ಪೂರ್ತಿ ಕರಗುವವರೆಗೆ ಎರಡನೆಯದನ್ನು ಬಿಚ್ಚಗೊಡಲಿಲ್ಲ. ಮೆಟ್ಟಿಲಿನ ಮೇಲೆ ಮೊಣಕಾಲು ನೀರಿನಲ್ಲಿ ನಿಂತು ಉದ್ದ ಬ್ರಷ್ಷಿನಿಂದ ತಳವನ್ನು ಕಲಕಿದಳು. ಪಂಪು ಓಡುತ್ತಿತ್ತು. ಎರಡನೆಯ ಚೀಲ ಹಾಕಿದ ಮೇಲೂ ಹಾಗೇ ಕಲಕಿದಳು. ಹನ್ನೊಂದು ಗಂಟೆಗೆ ತಳದಲ್ಲಿ ಒಂದು ಹರಳೂ ಉಳಿದಿರಲಿಲ್ಲ. ಆಗ ಹೊನ್ನಿ ಬಗ್ಗಿ ಬೊಗಸೆಯಲ್ಲಿ ನೀರೆತ್ತಿ ನಾಲಿಗೆಗೆ ತಾಗಿಸಿದಳು. ಕಣ್ಣು ಮುಚ್ಚಿ ಕ್ಷಣ ನಿಂತಳು. ಆಚೆ ತುದಿಗೆ ಹೋಗಿ ಅಲ್ಲಿಯದನ್ನೂ ನೋಡಿದಳು. ಜ್ವರ ಬಿಟ್ಟವರಿಗೆ ಕೊಡುವ ಗಂಜಿಯ ತಿಳಿಯಷ್ಟೇ ಉಪ್ಪು. ಇದೆಯೋ ಎಂದರೆ ಇದೆ, ಇಲ್ಲವೋ ಎಂದರೆ ಇಲ್ಲ.

"ಆಯ್ತು. ಸಾಕು" ಎಂದಳು.

ರಾಜು ಮೂರನೆಯ ಚೀಲಕ್ಕೆ ಕೈ ಹಾಕಿದ್ದವನು ತಲೆ ಎತ್ತಿದ. "ಹೊನ್ನಕ್ಕಾ, ಇನ್ನೂ ನಾಲ್ಕದೆ."

"ಇರ್ಲಿ. ಈ ಹೊಂಡಕ್ಕೆ ಎರಡೇ. ಇನ್ನೊಂದು ಬಿದ್ರೆ ಕೆಡ್ತದೆ."

ರಾಜು ಒಳಗೆ ಹೋಗಿ ಹೇಳಿದ. ಹೆಗಡೆಯವರು ಕಕ್ಷಿದಾರರನ್ನು ಕೂರಿಸಿ ಹೊರಗೆ ಬಂದರು, ಆಗಲೇ ಮುಖ ಬಿಗಿದಿತ್ತು.

"ಎಂತದ್ದೇ ನಿಂದು?"

"ನೀರು ಹದಕ್ಕೆ ಬಂದದೆ ಒಡೀರೇ. ನಾ ಬಾಯಿಗೆ ಹಾಕಿ ನೋಡಿದೆ. ಉಮೇಶ ಹೇಳಿದ್ದು ಇದನ್ನೇ, ಕಣ್ಣೀರಿಗಿಂತ ಸಪ್ಪೆ ಅಂತ. ಆರು ಹಾಕಿದ್ರೆ ಕಣ್ಣೀರೇ ಆತದೆ."

"ಪೂಲಿನ ನೀರು ಬಾಯಿಗೆ ಹಾಕಿದ್ಯಾ!" ಹೆಗಡೆಯವರು ಹಣೆ ಚಚ್ಚಿಕೊಂಡರು. "ನಾಲಿಗೆ ನೋಡಿ ಮಿಷನ್ ನಡೆಸ್ಲಿಕ್ಕೆ ಆಗ್ತದನೇ? ಕಾರ್ಡ್‌ನಲ್ಲಿ ಆರು ಅಂತ ಬರ್ದಿದಾನೆ. ಬಂದದ್ದು ಆರು. ಹಾಕೂದು ಆರು."

"ಯಾವ ಚೀಲ ಆರು?"

"ಚೀಲ ಅಂದ್ರೆ ಚೀಲ!"

ಅವಳ ಎದುರಿಗೇ ಫೋನು ಮಾಡಿದರು. ಉಮೇಶ ಎಲ್ಲೋ ಹಂಚು ಕೊರೆಯುವ ಸದ್ದಿನ ನಡುವೆ ಇದ್ದ. "ಆರು ಚೀಲವೇ ಅಲ್ವೇನೋ?" ಎಂದು ಇವರು ಕೂಗಿದರು. "ಆರೇ ಸಾರ್, ಆರು! ಕಾರ್ಡಿನಲ್ಲಿ ಬರ್ದಿದೇನೆ. ನಾಳೆ ಬೆಳಿಗ್ಗೆ ಬಂದು ಮಿಷನ್ ಚಾಲೂ ಮಾಡಿ ಕೊಡ್ತೇನೆ" ಎಂದು ಅವನೂ ಕೂಗಿ ಇಟ್ಟುಬಿಟ್ಟ. ಒಬ್ಬನ ಚೀಲ ಒಂದು, ಇನ್ನೊಬ್ಬರ ಚೀಲ ಇನ್ನೊಂದು. ಇಬ್ಬರೂ ಒಂದೇ ಮಾತಾಡಿ ಸಮಾಧಾನಪಟ್ಟರು.

"ಕೇಳ್ತಾ? ಹಾಕು ಈಗ" ಎಂದರು ಹೆಗಡೆಯವರು.

ಹೊನ್ನಿಗೆ ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ರೂಪಾಳ ಗಂಡನಿಗೆ ಎರಡು ತಿಂಗಳಿಂದ ಕೆಲಸ ನಿಂತಿತ್ತು, ಮನೆ ನಡೆಯುತ್ತಿದ್ದದ್ದೇ ಈ ಅಂಗಳದಿಂದ. ಹಾಕಿಬಿಡೋಣ, ನನಗೇನಂತೆ ಎಂದು ಒಂದು ಮನಸ್ಸು ಹೇಳಿತು. ಆದರೆ ನಾಳೆ ಮಿಷನ್ನು ಬಂದ್ ಬೀಳುತ್ತದೆ, ಹದಿನೈದು ಮಕ್ಕಳ ಎದುರಿಗೆ ಪೂಲು ಖಾಲಿ ಮಾಡಬೇಕಾಗುತ್ತದೆ, ಆಗ ಯಾರೋ ಒಬ್ಬರು ಕೇಳಿಯೇ ಕೇಳುತ್ತಾರೆ: ಯಾರು ಹಾಕಿದ್ದು ಉಪ್ಪು? ಕಾರ್ಡಿನಲ್ಲಿ ಉತ್ತರ ಬರೆದೇ ಇರುತ್ತದೆ. ಅದು ನೆನಪಾಗಿದ್ದೇ ತಡ, ಖಾಲಿ ಬುಟ್ಟಿಯನ್ನು ನೆಲಕ್ಕೆ ಕವುಚಿದಳು.

"ನಾ ಹಾಕೂದಿಲ್ಲ" ಎಂದಳು.

"ಹಾಕದಿದ್ರೆ ನಾಳೆಯಿಂದ ಬರೂದೂ ಬೇಡ!"

"ಬರೂದು ಬಿಡೂದು ನಾಳಿನ ಮಾತು. ಇವತ್ತು ಹಾಕೂದಿಲ್ಲ. ಒಂದ್ಸಲ ಹೇಳಿದವರ ಮಾತು ಕೇಳಿ ಹಲಗೆ ತೆಗೆದೆ ಒಡೀರೇ, ಆಯುಷ್ಯ ಪೂರ್ತಿ ಅದರ ಹೆಸರು ಹೊತ್ತೆ. ಹೇಳಿದವನ ಹೆಸರು ಇವತ್ತು ಯಾರಿಗೂ ನೆನಪಿಲ್ಲ. ಇನ್ನೊಂದು ಹೆಸರು ಹೊರೂಕೆ ನನ್ನ ತಲೆಯಲ್ಲಿ ಜಾಗ ಇಲ್ಲ."

ಹೆಗಡೆಯವರಿಗೆ ಹಲಗೆಯೂ ಅರ್ಥವಾಗಲಿಲ್ಲ, ಹೆಸರೂ ಅರ್ಥವಾಗಲಿಲ್ಲ. ಇಷ್ಟು ವರ್ಷ ಎದುರು ಮಾತಾಡದ ಹೆಂಗಸು ಕಕ್ಷಿದಾರರಿಗೆ ಕೇಳುವ ಹಾಗೆ ಮಾತಾಡಿದ್ದು ಮಾತ್ರ ಅರ್ಥವಾಯಿತು. "ರಾಜೂ, ಉಳಿದ ನಾಲ್ಕೂ ನೀನೇ ಹಾಕು" ಎಂದು ಒಳಗೆ ಹೋಗಿ ಬಾಗಿಲು ಎಳೆದುಕೊಂಡರು.

ರಾಜು ಬರುವಷ್ಟರಲ್ಲಿ ಹೊನ್ನಿ ಹೋಗಿ ಆ ನಾಲ್ಕು ಚೀಲಗಳ ರಾಶಿಯ ಮೇಲೆ ಕೂತಾಗಿತ್ತು. ಸೀರೆ ಸರಿಮಾಡಿಕೊಂಡು, ಎಲೆಯಡಿಕೆಯ ಚೀಲ ಬಿಚ್ಚಿ, ಎಲೆಗೆ ಸುಣ್ಣ ಹಚ್ಚತೊಡಗಿದಳು.

"ಏಳು ಹೊನ್ನಕ್ಕಾ, ಸುಮ್ನೆ ನನಗೆ ಬೈಗುಳ" ಎಂದ ರಾಜು.

"ಹಾಕೂದಾದ್ರೆ ನನ್ನನ್ನೂ ಸೇರಿಸಿ ಎತ್ತಿ ಹಾಕು. ಎಪ್ಪತ್ತೈದರ ಮೇಲೆ ಇನ್ನೊಂದು ಐವತ್ತು."

ರಾಜು ತನ್ನ ಸೊಂಟ ನೋಡಿಕೊಂಡ, ಅವಳನ್ನು ನೋಡಿದ. ಹೋಗಿ ಕಾರು ತೊಳೆಯಲು ಹಿಡಿದ. ಅವತ್ತು ಆ ಕಾರನ್ನು ಮೂರು ಸಲ ತೊಳೆದ.

ಹನ್ನೆರಡಾಯಿತು. ಬಿಸಿಲು ನೆತ್ತಿಗೇರಿತು. ಚೀಲದ ಹರಳು ಚುಚ್ಚುತ್ತಿತ್ತು, ಹೊನ್ನಿ ಅಲುಗಲಿಲ್ಲ. ವಿಭಾ ಕಿಟಕಿಯಿಂದ ಇಣುಕಿ, "ಹೊನ್ನಿ, ನಾಳೆ ಈಜಲಿಕ್ಕೆ ಆಗೂದಿಲ್ವಾ?" ಎಂದು ಕೇಳಿದಳು. "ಆತದೆ ಮಗಾ. ಅದಕ್ಕೇ ಕೂತಿದ್ದು ನಾನು" ಎಂದಳು ಹೊನ್ನಿ. ಮಗುವಿನ ಮುಖ ಚಿಕ್ಕದಾದದ್ದು ನೋಡಿ ಅವಳಿಗೂ ಅನುಮಾನ ಬಂತು. ನನ್ನ ನಾಲಿಗೆ ಸುಳ್ಳು ಹೇಳಿದ್ದರೆ? ಇಷ್ಟು ವರ್ಷ ಆಗರದಿಂದ ದೂರ ಇದ್ದು ರುಚಿ ಮರೆತುಹೋಗಿದ್ದರೆ? ಬಾಯಿಯ ಕವಳ ಉಗುಳಿ, ಬಾವಿಯ ನೀರಿನಿಂದ ಬಾಯಿ ಮುಕ್ಕಳಿಸಿ, ಮತ್ತೊಮ್ಮೆ ಬೊಗಸೆಯೆತ್ತಿ ನೋಡಿದಳು. ಅಷ್ಟೇ. ಸಮ ಇತ್ತು. ಬಂದು ಮತ್ತೆ ಕೂತಳು.

ಒಂದೂವರೆಗೆ ನಾಗರತ್ನಾ ತಟ್ಟೆಯಲ್ಲಿ ಅನ್ನ, ಲೋಟದಲ್ಲಿ ಮಜ್ಜಿಗೆ ಹಿಡಿದು ಬಂದರು.

"ಉಣ್ಣು. ಸಿಟ್ಟು ಅವರ ಮೇಲೆ, ಅನ್ನದ ಮೇಲಲ್ಲ."

ಹೊನ್ನಿ ಒಂದು ಗುಟುಕು ಮಜ್ಜಿಗೆ ಕುಡಿದು ಲೋಟ ಇಳಿಸಿದಳು. "ಉಪ್ಪು ಎರಡು ಸಲ ಬಿದ್ದದೆ ಅಮ್ಮಾ."

"ಛೇ, ಇಲ್ಲವೇ" ಎನ್ನುತ್ತಾ ನಾಗರತ್ನಾ ಒಳಗೆ ಹೋದವರು, ಎರಡು ನಿಮಿಷಕ್ಕೆ ನಾಚಿಕೊಂಡು ಹಿಂದಕ್ಕೆ ಬಂದರು. ಅವರು ಹಾಕಿದ್ದರು, ಅತ್ತೆಯವರೂ ನೋಡದೆ ಇನ್ನೊಮ್ಮೆ ಹಾಕಿದ್ದರು. ನಾಗರತ್ನಾ ಹೊನ್ನಿಯ ಮುಖವನ್ನೊಮ್ಮೆ ನೋಡಿದರು. ಆಮೇಲೆ ಆಚೀಚೆ ಯಾರೂ ಇಲ್ಲವೆಂದು ನೋಡಿ, ಸೆರಗು ಸಿಕ್ಕಿಸಿ, ಪೂಲಿನ ದಂಡೆಗೆ ಕೂತು ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡರು.

"ಹೌದಲ್ಲೇ. ಆವತ್ತು ಅವನು ಹೇಳಿದ್ದು ಹೀಗೇ ಅಲ್ದಾ?"

"ಹೌದು ಅಮ್ಮಾ. ನಿಮ್ಮ ಎದುರಿಗೇ ಹೇಳಿದ್ದ."

ನಾಗರತ್ನಾ ಒಳಗೆ ಹೋಗಿ ಉಮೇಶನಿಗೆ ಫೋನು ಮಾಡಿದರು. "ನಾಳೆ ಅಲ್ಲ, ಇವತ್ತೇ ಬಾ. ಇಲ್ಲಿ ಒಬ್ಬಳು ಬಿಸಿಲಲ್ಲಿ ಕೂತಿದಾಳೆ, ನೀನು ಬರದೆ ಏಳೂದಿಲ್ಲ" ಎಂದರು. ಅಷ್ಟು ಮಾತನ್ನು ಗಂಡನಿಗೆ ಕೇಳುವಂತೆಯೇ ಹೇಳಿದರು.

ನಾಲ್ಕೂವರೆಗೆ ಉಮೇಶ ಬೈಕಿನಲ್ಲಿ ಬಂದ. ಹೆಗಡೆಯವರು ಹಿಂದೆ ಕೈಕಟ್ಟಿ ಹೊರಗೆ ಬಂದು ನಿಂತರು. ರಾಜು ಒದ್ದೆ ಬಟ್ಟೆ ಹಿಡಿದುಕೊಂಡೇ ಬಂದ. ಉಮೇಶ ಜೇಬಿನಿಂದ ಪುಟ್ಟ ಯಂತ್ರ ತೆಗೆದು ನೀರಿಗಿಟ್ಟ. ಹೊನ್ನಿ ಎದ್ದು ನಿಂತಳು. ಮಣಿಸರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ನಲವತ್ತು ವರ್ಷದ ನಾಲಿಗೆಗೂ ನಾಲ್ಕು ಬೆರಳಿನ ಯಂತ್ರಕ್ಕೂ ಈಗ ಪಂಚಾಯ್ತಿ.

"ಮೂರು ಸಾವಿರದ ಮುನ್ನೂರು" ಎಂದ ಉಮೇಶ. ಆಮೇಲೆ ಚೀಲಗಳ ಕಡೆ ತಿರುಗಿದ. "ಸಾರ್, ಬೇಕಾದ್ದು ಮೂರರಿಂದ ಮೂರೂವರೆ ಸಾವಿರ. ಸರೀ ಮಧ್ಯ ಬಂದು ಕೂತಿದೆ. ಇದಕ್ಕಿಂತ ಸಮ ನಾನು ಹಾಕಿದ್ರೂ ಬರ್ತಿರಲಿಲ್ಲ. ಆದರೆ ಇಲ್ಲಿ ನಾಲ್ಕು ಚೀಲ ಉಳಿದದೆಯಲ್ಲ?"

"ನೀನು ಆರು ಅಂದಿದ್ಯಲ್ಲೋ!"

"ನಮ್ಮ ಚೀಲ ಇಪ್ಪತ್ತೈದು ಕಿಲೋದ್ದು ಸಾರ್. ಇದು ಯಾವ ಚೀಲ?"

ಬೆಳಿಗ್ಗೆಯಿಂದ ಹೊನ್ನಿ ಕೇಳಿದ್ದೂ ಇದನ್ನೇ. ಹೆಗಡೆಯವರು ಅವಳತ್ತ ನೋಡಿದರು.

"ಆಗರದ ಚೀಲ" ಎಂದಳು ಹೊನ್ನಿ. "ಎಪ್ಪತ್ತೈದು. ನಾ ಬೆಳಿಗ್ಗೆನೇ ಹೇಳಿದ್ದೆ ಒಡೀರೇ. ನೀವು ಜಾಗದ ಹೆಸರು ಅಂದ್ಕಂಡ್ರಿ, ನಾ ತೂಕ ಹೇಳಿದ್ದೆ."

"ಆರೂ ಬಿದ್ದಿದ್ರೆ ಮುಗೀತಿತ್ತು" ಎಂದ ಉಮೇಶ. "ನಾಳೆ ಪೂಲಿನ ಬದಲು ಮಕ್ಕಳನ್ನ ಬಾವಿಕಟ್ಟೆಯಲ್ಲಿ ಮೀಯಿಸ್ಬೇಕಿತ್ತು."

ವಿಭಾ ಕುಣಿದಳು. ನಾಗರತ್ನಾ ಗಂಡನ ಮುಖ ನೋಡದೆ ಪೂಲಿನ ಮುಖ ನೋಡಿದರು. ಹೆಗಡೆಯವರು "ಆಯ್ತಲ್ಲ, ಒಳ್ಳೇದೇ ಆಯ್ತು" ಎಂದರು. ಉಮೇಶ ಗೋಡೆಯ ಕಾರ್ಡು ತೆಗೆದು ಪೆನ್ನು ಬಿಚ್ಚಿದ.

"ಹಾಕಿದವರು ಯಾರು ಸಾರ್? ಹೆಸರು ಬೇಕು."

"ಮನೆಯವರು ಅಂತ ಬರಿ" ಎಂದರು ಹೆಗಡೆಯವರು.

"ತಡಿ!" ಎಂದಳು ಹೊನ್ನಿ. ಆ ದನಿಗೆ ಪಕ್ಕದ ಮನೆಯ ನಾಯಿ ಎದ್ದು ಬೊಗಳಿತು. "ಬೆಳಿಗ್ಗೆ ನನ್ನ ಹೆಸರು ಬರೀ ಅಂದ್ರಿ. ಕೆಡೂದಾಗಿದ್ರೆ ಹೊನ್ನಿ, ಸಮ ಆದ್ರೆ ಮನೆಯವರಾ? ಅದು ಆಗೂದಿಲ್ಲ ಒಡೀರೇ. ಕೊಡು ಇಲ್ಲಿ ಪೆನ್ನು."

ಕೋರ್ಟಿನಲ್ಲೂ ಹೆಗಡೆಯವರನ್ನು ಹೀಗೆ ತಡೆದು ನಿಲ್ಲಿಸಿದವರು ಕಡಿಮೆ. ತಾವೇ ಕಾರ್ಡನ್ನು ಉಮೇಶನ ಕೈಯಿಂದ ತೆಗೆದು ಅವಳ ಮುಂದೆ ಹಿಡಿದರು. "ಬರಿ. ತಪ್ಪು ನಂದೇ" ಎಂದರು.

ಹೊನ್ನಿ ಕಾರ್ಡನ್ನು ಉಪ್ಪಿನ ಚೀಲದ ಮೇಲಿಟ್ಟು ಕುಕ್ಕರುಗಾಲಲ್ಲಿ ಕೂತಳು. ಮೊದಲು ಉಮೇಶ ಬರೆದ ಆರನ್ನು ಹೊಡೆದು ಹಾಕಿದಳು, ಪಕ್ಕದಲ್ಲಿ ಎರಡು ಎಂದು ಅಂಕಿ ಬರೆದಳು. ಆಮೇಲೆ ಖಾಲಿ ಗೆರೆಗೆ ಬಂದಳು. "ಹೊನ್ನಿ" ಎಂದು ಬರೆಯುವಾಗ ಕೈ ತಡವರಿಸಲಿಲ್ಲ. ಬರೆದಾದ ಮೇಲೂ ಪೆನ್ನು ಬಿಡಲಿಲ್ಲ. ಹೆಸರಿನ ಎಡಕ್ಕೆ ಉಳಿದಿದ್ದ ಜಾಗವನ್ನು ನೋಡಿದಳು. ಸುಕ್ರನ ಹೆಸರು ಕಲಿಯುವಾಗ ಮೊದಲು ತಿದ್ದಿದ್ದು "ಸ", ಅದನ್ನು ಅಲ್ಲಿಟ್ಟಳು. ಮುಂದಿನ ಅಕ್ಷರ ಅವಳಿಗೆ ಯಾರೂ ಕಲಿಸಿರಲಿಲ್ಲ. ಕಾರ್ಡಿನ ಮೇಲೆಲ್ಲ ಕಣ್ಣಾಡಿಸಿದಳು. ತಲೆಗೆ "ಉಪ್ಪು" ಎಂದು ಅಚ್ಚಾಗಿತ್ತಲ್ಲ, ಅದರ ಎರಡನೆಯ ಅಕ್ಷರವನ್ನು ನೋಡಿ ನೋಡಿ, ನಾಲಿಗೆ ಕಚ್ಚಿಕೊಂಡು, ಹಾಗೇ ಇಳಿಸಿದಳು.

ವಿಭಾ ಬಗ್ಗಿ ಓದಿದಳು. "ಸಪ್ಪು ಹೊನ್ನಿ! ಸಪ್ಪು ಅಂತ ಬರ್ದೆ ಹೊನ್ನಿ, ಹಾಗಂದ್ರೆ ಎಂತ?"

"ನನ್ನ ಪೂರ್ತಿ ಹೆಸರು ಮಗಾ. ಸಪ್ಪೆ ಹೊನ್ನಿ."

"ಹಾಗಾದ್ರೆ ತಪ್ಪಾಯ್ತು. ತಿದ್ದಿ ಕೊಡ್ಲಾ?"

"ಬೇಡ" ಎಂದಳು ಹೊನ್ನಿ, ಕಾರ್ಡನ್ನು ತಾನೇ ಮೊಳೆಗೆ ಸಿಕ್ಕಿಸುತ್ತ. "ಉಪ್ಪಿಂದ ತೆಗೆದದ್ದು. ಹಂಗೇ ಇರ್ಲಿ."